ಪುಲಿಗೆರೆಯ ದಾರಿಯಲ್ಲಿ ಒಂದು ನುಡಿಪಾಠ

ಪ್ರವಾಸಕ್ಕೆ ಹೊರಡುವವರು ಬುತ್ತಿ ಕಟ್ಟುತ್ತಾರೆ, ಬಟ್ಟೆಬರೆ ಜೋಡಿಸುತ್ತಾರೆ, ಟಿಕೇಟನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಆದರೆ ಹೋಗುವ ಊರಿನ ಮಾತನ್ನೂ ಗಂಟುಕಟ್ಟಿಕೊಂಡು ಹೊರಟವರನ್ನು ನೀವು ಕಂಡಿದ್ದೀರೋ ಇಲ್ಲವೋ ನಾನು ಕಾಣೆ. ಮೂರು ವರ್ಷಗಳ ಹಿಂದೆ ಮೈಸೂರಿನ ನಮ್ಮ ಓದುಗರ ಬಳಗದ ಹದಿನಾಲ್ಕು ಮಂದಿ ಹಾಗೆ ಹೊರಟೆವು. ಶುಕ್ರವಾರ ರಾತ್ರಿ ರೈಲು ಹತ್ತುವುದು, ಶನಿವಾರ ಧಾರವಾಡದಲ್ಲಿ ಕಳೆಯುವುದು, ಭಾನುವಾರ ಲಕ್ಷ್ಮೇಶ್ವರವನ್ನು ನೋಡಿಕೊಂಡು ಹಿಂತಿರುಗುವುದು ಎಂದು ನಿಶ್ಚಯವಾಗಿತ್ತು. ಆಗ ಬಳಗದ ಕಿರಿಯ ಮಿತ್ರನೊಬ್ಬ, "ಇನ್ನೂ ಹದಿನೈದು ದಿನವಿದೆ. ಅಷ್ಟರಲ್ಲಿ ಧಾರವಾಡದ ಭಾಷೆಯನ್ನು ಕಲಿತುಕೊಂಡು ಹೋದರೆ ಹೇಗೆ?" ಎಂದು ಕೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಹೇಳುವ ಹೊಣೆ ನನ್ನ ಮೇಲೆ ಬಿತ್ತು. 1974ರಿಂದ ಎರಡು ವರ್ಷ ನಾನು ಧಾರವಾಡದಲ್ಲಿ ವಿದ್ಯಾರ್ಥಿಯಾಗಿದ್ದೆ. ಅದೊಂದೇ ನನಗಿದ್ದ ಅರ್ಹತೆ.

ಸಂಜೆ ನಮ್ಮ ಮನೆಯ ಜಗಲಿಯಲ್ಲಿ ತರಗತಿ ನಡೆಯಿತು. ನಾನೊಂದು ಪಟ್ಟಿ ಬರೆದು ಎಲ್ಲರಿಗೂ ಹಂಚಿದ್ದೆ. ಎಡಗಡೆ ನಮ್ಮ ಮಾತು, ಬಲಗಡೆ ಅವರ ಮಾತು. ಈರುಳ್ಳಿಗೆ ಉಳ್ಳಾಗಡ್ಡಿ, ಕಡಲೆಕಾಯಿಗೆ ಶೇಂಗಾ, ಆಲೂಗಡ್ಡೆಗೆ ಬಟಾಟೆ, ಸಂಬಳಕ್ಕೆ ಪಗಾರ, ಆಸ್ಪತ್ರೆಗೆ ದವಾಖಾನೆ, ಕೆಲಸಕ್ಕೆ ದಗದ, ನಿಜಕ್ಕೆ ಖರೆ, ಬೆಂಕಿಪೊಟ್ಟಣಕ್ಕೆ ಕಡ್ಡಿಪೆಟ್ಟಿಗಿ. 'ಕುಳಿತುಕೊಳ್ಳಿ' ಎಂಬುದು 'ಕುಂದ್ರಿ' ಆಗಬೇಕು, 'ಬನ್ನಿ' ಎಂಬುದು 'ಬರ್ರಿ' ಆಗಬೇಕು. ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದೆ: ಅಲ್ಲಿ ಯಾರನ್ನೂ 'ತಿಂಡಿ ಆಯಿತೇ' ಎಂದು ಕೇಳಬೇಡಿ. ನಮ್ಮ ಕಡೆ ಅದು ಬೆಳಗಿನ ಉಪಚಾರದ ಮಾತು. ಅಲ್ಲಿ 'ತಿಂಡಿ' ಎಂದರೆ ಕೆರೆತ. ಜಗಳಕ್ಕೆ ಕಾಲು ಕೆರೆಯುವವನನ್ನು 'ನಿನಗ ತಿಂಡಿ ಭಾಳ ಆಗೇತಿ' ಎಂದು ಗದರಿಸುತ್ತಾರೆ. ವಿದ್ಯಾರ್ಥಿನಿಲಯ ಸೇರಿದ ಮರುದಿನವೇ ನಾನು ಕೊಠಡಿಯ ಗೆಳೆಯನನ್ನು ವಿನಯದಿಂದ ಹಾಗೆ ಕೇಳಿ, ಅವನು ತೋಳು ಮಡಿಸುತ್ತ ಎದ್ದು ನಿಂತದ್ದು ನನಗೆ ಇಂದಿಗೂ ಮರೆತಿಲ್ಲ.

ಈ ಕಥೆಗೆ ಎಲ್ಲರೂ ನಕ್ಕರು. ನಗು ಬಂದಷ್ಟೂ ನನ್ನ ಪಟ್ಟಿ ಬೆಳೆಯಿತು. ಕೊನೆಯ ಪುಟದಲ್ಲಿ 'ಸಲಿಗೆಯ ಮಾತುಗಳು' ಎಂದು ತಲೆಬರಹ ಕೊಟ್ಟು, ಗೆಳೆಯರು ಪರಸ್ಪರ ಆಡುತ್ತಿದ್ದ ಕೆಲವು ಮಾತುಗಳನ್ನು ಸೇರಿಸಿದೆ. ಅವುಗಳಲ್ಲಿ ಮೊದಲನೆಯದು 'ಲೇ' ಎಂಬ ಕರೆ. ಅದರ ವಿಷಯ ಮುಂದೆ ಹೇಳುತ್ತೇನೆ.

ತರಗತಿ ಮುಂದುವರಿದಂತೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಪಟ್ಟಿಯ ಎಡಭಾಗಕ್ಕೆ ನಾವು 'ಕನ್ನಡ' ಎಂದು ಹೆಸರಿಟ್ಟಿದ್ದೆವು. ಬಲಭಾಗಕ್ಕೆ 'ಧಾರವಾಡದ ಭಾಷೆ' ಎಂದು. ಎಡಗಡೆಯದು ಮೂಲ, ಬಲಗಡೆಯದು ಅದರಿಂದ ಜಾರಿದ್ದು ಎಂಬ ಭಾವನೆ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಆ ಎರಡು ಗೆರೆಗಳ ನಡುವೆ ಕುಳಿತಿತ್ತು. ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ ಈ ಭಾವನೆ ತಲೆಕೆಳಗಾಗುತ್ತದೆ.

ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ 'ಕವಿರಾಜಮಾರ್ಗ'ವು ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ರಚಿತವಾಯಿತು. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ಹೇಳಿದ ಮೇಲೆ, ಕನ್ನಡದ ತಿರುಳು ಎಲ್ಲಿದೆ ಎಂಬುದನ್ನೂ ಅದರ ಕರ್ತೃವು ಗುರುತಿಸುತ್ತಾನೆ. ಅವನು ಹೆಸರಿಸುವುದು ನಾಲ್ಕು ಊರುಗಳನ್ನು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲೆಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಕೊಪಣವೇ ಕೊಪ್ಪಳ, ಪುಲಿಗೆರೆಯೇ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಒಂಕುಂದವನ್ನು ಬೆಳಗಾವಿ ಜಿಲ್ಲೆಯಲ್ಲಿ ಗುರುತಿಸಿದ್ದಾರೆ. ನಾಲ್ಕರಲ್ಲಿ ಒಂದಾದರೂ ತುಂಗಭದ್ರೆಯಿಂದ ದಕ್ಷಿಣಕ್ಕಿಲ್ಲ. 10ನೆಯ ಶತಮಾನದ ಪಂಪನು ತನ್ನ ಭಾರತವನ್ನು ಪುಲಿಗೆರೆಯ ತಿರುಳುಗನ್ನಡದಲ್ಲಿ ಬರೆದೆನೆಂದು ಅಭಿಮಾನದಿಂದ ಹೇಳಿಕೊಂಡ. ಅಂದರೆ, ಸಾವಿರ ವರ್ಷಗಳ ಹಿಂದೆ ಯಾರಾದರೂ ನಮ್ಮಂತೆ ಜಗಲಿಯ ಮೇಲೆ ಕುಳಿತು ಪಟ್ಟಿ ಬರೆದಿದ್ದರೆ, ಎಡಭಾಗದಲ್ಲಿ ಇರುತ್ತಿದ್ದುದು ನಾವು ನೋಡಲು ಹೊರಟ ಸೀಮೆಯ ಮಾತು. ಬಲಭಾಗದಲ್ಲಿ ಪ್ರಾಯಶಃ ನಮ್ಮದು ಇರುತ್ತಿತ್ತು.

'ಕವಿರಾಜಮಾರ್ಗ'ದಲ್ಲಿ ಇನ್ನೊಂದು ಮಾತಿದೆ. ದೇಸಿಯು ಊರೂರಿಗೆ ಬೇರೆ ಬೇರೆಯಾಗಿರುವುದರಿಂದ, ಕನ್ನಡಗಳಲ್ಲಿರುವ ದೋಷಗಳನ್ನೆಲ್ಲ ಇಷ್ಟೆಂದು ಅರಿಯಲು ಸಾವಿರ ನಾಲಗೆಯ ವಾಸುಕಿಗೂ ಸಾಧ್ಯವಾಗದು, ಅವನಿಗೂ ಬೇಸರವಾದೀತು ಎನ್ನುತ್ತಾನೆ ಆ ಲಾಕ್ಷಣಿಕ. 'ಕನ್ನಡಗಳು' ಎಂಬ ಬಹುವಚನವನ್ನು ಗಮನಿಸಬೇಕು. ನಮ್ಮ ಮೊದಲ ಗ್ರಂಥಕ್ಕೆ ಕನ್ನಡವು ಒಂದಲ್ಲ, ಹಲವು ಎಂಬುದು ತಿಳಿದಿತ್ತು. ವಾಸುಕಿಗೆ ಆಗದ ಕೆಲಸಕ್ಕೆ ನಾನು ಹದಿನೈದು ದಿನದಲ್ಲಿ ಕೈಹಾಕಿದ್ದೆ.

ಹಾಗಾದರೆ ಆ ತಿರುಳಿನ ಸೀಮೆಯು ಈಚಿನವರ ಕಣ್ಣಿಗೆ ಅಂಚಿನ ಸೀಮೆಯಾದದ್ದು ಹೇಗೆ? ಅದಕ್ಕೆ ಉತ್ತರ ವ್ಯಾಕರಣದಲ್ಲಿಲ್ಲ, ರಾಜ್ಯಭಾರದಲ್ಲಿದೆ. ಧಾರವಾಡದ ಸೀಮೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು, ಆಮೇಲೆ ಮರಾಠರ ಆಳ್ವಿಕೆಯನ್ನು ಕಂಡಿತು. 1818ರಲ್ಲಿ ಪೇಶವೆಯ ಪತನದ ನಂತರ ಇಂಗ್ಲಿಷರ ವಶವಾಗಿ ಕಾಲಕ್ರಮದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಸ್ವತಃ ಪುಲಿಗೆರೆ, ಅಂದರೆ ಲಕ್ಷ್ಮೇಶ್ವರ, ಸ್ವಾತಂತ್ರ್ಯ ಬರುವವರೆಗೂ ಮೀರಜದ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಕನ್ನಡದ ತಿರುಳೆಂದು ಪಂಪ ಕೊಂಡಾಡಿದ ಊರಿನ ದಫ್ತರಗಳ ಒಡೆತನ ಮರಾಠಿ ಅರಮನೆಯದಾಯಿತು.

ಆಳಿದವರ ಹೆಜ್ಜೆಗಳು ಶಬ್ದಗಳಲ್ಲಿ ಉಳಿಯುತ್ತವೆ. ನನ್ನ ಪಟ್ಟಿಯನ್ನೇ ತೆಗೆದುಕೊಳ್ಳಿ. 'ಪಗಾರ' ಎಂಬುದು ಪೋರ್ಚುಗೀಸರ ಮಾತು. ಅವರಲ್ಲಿ ಅದಕ್ಕೆ 'ಹಣ ಕೊಡುವುದು' ಎಂದರ್ಥ. ಕೊಂಕಣದ ಕರಾವಳಿಯಲ್ಲಿ ಇಳಿದು, ಮರಾಠಿಯ ಮೂಲಕ ಘಟ್ಟ ಹತ್ತಿ ಅದು ಧಾರವಾಡದ ಗುಮಾಸ್ತನ ಕೈಸೇರಿತು. 'ಬಟಾಟೆ'ಯೂ ಅದೇ ದಾರಿಯಲ್ಲಿ ಬಂದದ್ದು. 'ದವಾ' ಅರಬ್ಬಿಯದು, 'ಖಾನೆ' ಪಾರಸಿಯದು. 'ಖರೆ' ಮರಾಠಿಯೊಡನೆ ಒಡನಾಡಿದ ಗುರುತು. ಇವನ್ನೆಲ್ಲ ಬೆರಕೆಯೆಂದು ಹೀಗಳೆಯುವವರು ನಮ್ಮ 'ಆಸ್ಪತ್ರೆ' ಎಲ್ಲಿಂದ ಬಂತೆಂಬುದನ್ನು ಒಮ್ಮೆ ಯೋಚಿಸಬೇಕು. ಅದು ಇಂಗ್ಲಿಷಿನ 'ಹಾಸ್ಪಿಟಲ್' ಅಲ್ಲದೆ ಬೇರೇನು? ಅವರು ಒಂದು ಬಾಗಿಲಿನಿಂದ ಸಾಲ ತಂದರು, ನಾವು ಇನ್ನೊಂದು ಬಾಗಿಲಿನಿಂದ ತಂದೆವು.

ಆಡಳಿತ ಹರಿದು ಹಂಚಿಹೋದದ್ದರಿಂದ ಒಂದೇ ಕೆಲಸ ಮಾಡುವ ಅಧಿಕಾರಿಗೂ ಊರಿಗೊಂದು ಹೆಸರಾಯಿತು. ತಾಲ್ಲೂಕಿನ ದೊರೆಯನ್ನು ಮೈಸೂರಿನವರು ಅಮಲ್ದಾರನೆಂದರು. ಮುಂಬಯಿ ಪ್ರಾಂತದವರು ಮಾಮಲೇದಾರನೆಂದರು. ಹೈದರಾಬಾದಿನ ನಿಜಾಮನ ಸೀಮೆಯಲ್ಲಿಯೂ ಮದರಾಸು ಪ್ರಾಂತದಲ್ಲಿಯೂ ಅವನು ತಹಶೀಲ್ದಾರ. ಹಳ್ಳಿಯ ಲೆಕ್ಕ ಬರೆಯುವವನು ಇಲ್ಲಿ ಶಾನುಭೋಗ, ಅಲ್ಲಿ ಕುಲಕರ್ಣಿ. 1956ರ ನವೆಂಬರ್ 1ರಂದು ಈ ಸೀಮೆಗಳೆಲ್ಲ ಒಂದೇ ರಾಜ್ಯವಾದಾಗ ಕೂಡಿದ್ದು ನೆಲ ಮಾತ್ರವಲ್ಲ, ಈ ಹೆಸರುಗಳೂ ಒಂದರೆದುರು ಒಂದು ಬಂದು ನಿಂತವು. ವರ್ಗವಾಗಿ ಹೋದ ಗುಮಾಸ್ತರೂ ಉಪಾಧ್ಯಾಯರೂ ಪರಸ್ಪರರ ಮಾತು ತಿಳಿಯದೆ ಪಟ್ಟ ಪಾಡನ್ನು ಹಿರಿಯರ ಬಾಯಿಂದ ನಾನು ಬೇಕಾದಷ್ಟು ಕೇಳಿದ್ದೇನೆ. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬರಲು ಮತ್ತೆ ಹದಿನೇಳು ವರ್ಷ, ಅಂದರೆ 1973ರವರೆಗೆ, ಕಾಯಬೇಕಾಯಿತು. ಅಷ್ಟರಲ್ಲಿ ಪಠ್ಯಪುಸ್ತಕದಲ್ಲಿಯೂ ಚಲನಚಿತ್ರದಲ್ಲಿಯೂ ಸರ್ಕಾರದ ಕಡತದಲ್ಲಿಯೂ ದಕ್ಷಿಣದ ಮಾತಿನ ಧಾಟಿಯೇ ಬಹುಮಟ್ಟಿಗೆ ಮಾದರಿಯೆನಿಸಿತ್ತು. ಉತ್ತರದ ಮಾತು ನಾಟಕದ ಹಾಸ್ಯಪಾತ್ರಕ್ಕೆ ಒದಗಿತು. ನಮ್ಮ ಜಗಲಿಯ ನಗುವಿನಲ್ಲಿ ಈ ಇತಿಹಾಸದ ಪಾಲೂ ಇತ್ತು.

ಹೊರನಾಡಿನಿಂದ ಬಂದು ನಮ್ಮ ಮಾತನ್ನು ಕಲಿತವರಲ್ಲಿ ಫರ್ಡಿನಂಡ್ ಕಿಟ್ಟೆಲ್ ಅವರ ಹೆಸರು ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಅವರು 1853ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಇಲ್ಲಿಗೆ ಬಂದರು. ಸುಮಾರು 70,000 ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆ ನಿಘಂಟನ್ನು ತೆರೆದವರು ಒಂದು ವಿಶೇಷವನ್ನು ಕಾಣಬಹುದು. ಒಂದು ಶಬ್ದವು ಮೈಸೂರಿನ ಬಳಕೆಯದಾದರೆ ಅದರ ಮುಂದೆ ಮೈಸೂರಿನ ಸಂಕೇತವಿರುತ್ತದೆ. ಧಾರವಾಡ-ಬೆಳಗಾವಿಗಳ ಬಳಕೆಯದಾದರೆ 'ದಕ್ಷಿಣ ಮಹಾರಾಷ್ಟ್ರ' ಎಂಬುದರ ಸಂಕೇತವಿರುತ್ತದೆ. ಇದು ಕಿಟ್ಟೆಲರ ತಪ್ಪಲ್ಲ. ಆ ಕಾಲದ ಸರ್ಕಾರಿ ಭೂಪಟದಲ್ಲಿ ಆ ಸೀಮೆಗೆ ಇದ್ದ ಹೆಸರೇ ಅದು. ಆದರೂ ಕನ್ನಡದ ತಿರುಳಿನಿಂದ ಆಯ್ದ ಕನ್ನಡದ ಶಬ್ದ, ಕನ್ನಡದ ನಿಘಂಟಿನಲ್ಲಿಯೇ ಬೇರೊಂದು ಭಾಷೆಯ ಹೆಸರಿನ ಚೀಟಿ ಅಂಟಿಸಿಕೊಂಡು ನಿಂತಿರುವುದನ್ನು ನೋಡಿದಾಗ ಮನಸ್ಸಿಗೆ ಏನೋ ಆಗುತ್ತದೆ. ಅಲ್ಲಿನ ಶಾಲೆಗಳಲ್ಲಿ ಕನ್ನಡ ನೆಲೆಗೊಳ್ಳಲೆಂದು ಡೆಪ್ಯುಟಿ ಚನ್ನಬಸಪ್ಪನವರು ದುಡಿದದ್ದು, 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದು ಇಂಥ ಸ್ಥಿತಿಯಲ್ಲಿ. ನಾವು ಹಾಸ್ಯಕ್ಕೆಂದು ಕಲಿಯುತ್ತಿದ್ದ ಮಾತನ್ನು ಉಳಿಸಿಕೊಳ್ಳಲು ಅವರು ಆಯುಷ್ಯವನ್ನು ತೆತ್ತಿದ್ದರು.

ಇಷ್ಟನ್ನೂ ನಾನು ಕೊನೆಯ ದಿನದ ಪಾಠದಲ್ಲಿ ಹೇಳಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಆದರೆ ಪಟ್ಟಿಯನ್ನು ಮಾತ್ರ ನಾನು ತಿದ್ದಲಿಲ್ಲ.

ಶನಿವಾರ ಮಧ್ಯಾಹ್ನ ಧಾರವಾಡದ ಒಂದು ಸಣ್ಣ ಖಾನಾವಳಿಯಲ್ಲಿ ಊಟಕ್ಕೆ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಚಟ್ನಿ. ಬಡಿಸುತ್ತಿದ್ದವರು ಅರವತ್ತು ದಾಟಿದ ಒಬ್ಬ ತಾಯಿ. ನಮ್ಮ ಕಿರಿಯ ಮಿತ್ರ ಬೆಳಗಿನಿಂದ ಸಿಕ್ಕವರೊಡನೆಲ್ಲ ತನ್ನ ಪಾಠವನ್ನು ಒಪ್ಪಿಸಿ ಉಬ್ಬಿದ್ದ. ಅವನು ಗಟ್ಟಿಯಾಗಿ, "ಲೇ, ಇನ್ನೊಂದ್ ರೊಟ್ಟಿ ಒಗಿ" ಎಂದ.

ಆಕೆ ಅಲ್ಲಿಯೇ ನಿಂತರು. ರೊಟ್ಟಿಯನ್ನು ಮೆಲ್ಲಗೆ ಅವನ ತಟ್ಟೆಯಲ್ಲಿಟ್ಟು, "ಯಾವೂರು ತಮ್ಮಾ ನಿಂದು?" ಎಂದು ಕೇಳಿದರು. ಮೈಸೂರು ಎಂದ.

"ಮೈಸೂರಾಗ ಹಡದವ್ವಗ ಲೇ ಅಂತಾರೇನು?"

ದನಿ ಏರಲಿಲ್ಲ. ಅಷ್ಟು ಹೊತ್ತು ನಗುತ್ತಿದ್ದ ಹದಿನಾಲ್ಕು ಮಂದಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಹುಡುಗನ ಮುಖ ಕೆಂಪಾಯಿತು. ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿದ್ದ ಪ್ರಶ್ನೆ ನ್ಯಾಯವಾದದ್ದು. ಅವನಿಗೆ ಆ ಮಾತನ್ನು ಕಲಿಸಿದವನು ನಾನು. ನಿಲಯದಲ್ಲಿ ಇಪ್ಪತ್ತು ವರ್ಷದ ಗೆಳೆಯರು ಒಬ್ಬರನ್ನೊಬ್ಬರು 'ಲೇ' ಎಂದು ಕರೆಯುತ್ತಿದ್ದುದು ನಿಜ. ಅದರಲ್ಲಿ ಬಹಳ ಪ್ರೀತಿಯಿದ್ದುದೂ ನಿಜ. ಆದರೆ ಆ ಪ್ರೀತಿ ಮಾತಿನಲ್ಲಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಎರಡು ವರ್ಷಗಳಲ್ಲಿತ್ತು. ಆ ವರ್ಷಗಳನ್ನು ಬಿಟ್ಟು ಮಾತನ್ನಷ್ಟೇ ಕಿತ್ತು ನಾನು ಹಾಳೆಗೆ ಇಳಿಸಿದ್ದೆ. ಅದೇ ಧಾರವಾಡದಲ್ಲಿ ಪ್ರತಿ ಮಾತಿನ ಕೊನೆಗೂ 'ರೀ' ಎಂಬ ಗೌರವ ಬಂದು ಕೂರುತ್ತದೆ: ಹೌದ್ರಿ, ಇಲ್ರಿ, ಏನ್ರಿ. 'ರೀ' ಎಲ್ಲಿ, 'ಲೇ' ಎಲ್ಲಿ ಎಂಬುದನ್ನು ಅಲ್ಲಿನ ಐದು ವರ್ಷದ ಮಗುವೂ ಬಲ್ಲದು. ನನ್ನ ಪಟ್ಟಿಯಲ್ಲಿ ಅದಕ್ಕೊಂದು ಅಂಕಣವಿರಲಿಲ್ಲ.

ಹುಡುಗ ಎದ್ದು ನಿಂತು, "ತಪ್ಪಾಯ್ತಮ್ಮಾ, ಗೊತ್ತಾಗ್ಲಿಲ್ಲ" ಎಂದ. ತನ್ನ ಮೈಸೂರಿನ ಮಾತಿನಲ್ಲಿಯೇ ಹೇಳಿದ; ಬೇರೆ ಮಾತು ಆಗ ಅವನ ಬಾಯಿಗೆ ಬಂದಿರಲಾರದು.

"ಈಗ ತಿಳೀತು ನೋಡಪಾ ನಿನ್ನ ಮಾತು" ಎಂದರು ಆಕೆ. "ಹಿಂಗ ಮಾತಾಡು. ನಾವೇನು ಬ್ಯಾರೆ ದೇಶದಾವರೇನು? ಉಣ್ಣು, ಹೊಟ್ಟಿ ತುಂಬ ಉಣ್ಣು." ಇನ್ನೊಂದು ರೊಟ್ಟಿ ಬಂತು. ಆಕೆ ಅವನನ್ನು ಕ್ಷಮಿಸಿದರು. ನನ್ನನ್ನು ನಾನು ಅಷ್ಟು ಬೇಗ ಕ್ಷಮಿಸಿಕೊಳ್ಳಲಾಗಲಿಲ್ಲ.

ಆ ರಾತ್ರಿ ತಂಗುದಾಣದಲ್ಲಿ ಪಟ್ಟಿಯನ್ನು ಮತ್ತೆ ತೆರೆದೆ. 'ಧಾರವಾಡದ ಭಾಷೆ' ಎಂದು ನಾನು ಒಂದನ್ನೇ ಬರೆದಿದ್ದೆ. ಆದರೆ ಒಂದೇ ಓಣಿಯಲ್ಲಿ ಒಂದು ಮನೆಯವರು 'ಅದ' ಎಂದರೆ ಇನ್ನೊಂದು ಮನೆಯವರು 'ಐತಿ' ಎನ್ನುತ್ತಾರೆ. ಧಾರವಾಡದ ಕನ್ನಡದಲ್ಲಿ ಜಾತಿಯಿಂದ ಜಾತಿಗೆ ಇರುವ ಇಂಥ ಭೇದಗಳನ್ನು ಕುರಿತು ವಿಲಿಯಂ ಮೆಕ್‌ಕಾರ್ಮ್ಯಾಕ್ ಎಂಬ ವಿದ್ವಾಂಸರ ಲೇಖನ 1960ರಲ್ಲಿಯೇ ಪ್ರಕಟವಾಗಿದೆ. ನಾನು ಕಲಿಸಿದ್ದು ಯಾರ ಮಾತು? ಯಾವ ಮನೆಯದು? ಬೇಂದ್ರೆಯವರು ಈ ಮಾತಿನಿಂದ ಕಾವ್ಯವನ್ನು ಕಡೆದಾಗ ಅವರಿಗೆ ಶಬ್ದದ ಪಟ್ಟಿ ಬೇಕಾಗಿರಲಿಲ್ಲ. ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಏನನ್ನುತ್ತಾರೆ ಎಂಬುದು ಅವರ ಕಿವಿಯಲ್ಲಿತ್ತು. 1984ರಲ್ಲಿ ದೇವನೂರ ಮಹಾದೇವರು ನಂಜನಗೂಡಿನ ಸೀಮೆಯ ಆಡುಮಾತಿನಲ್ಲಿ 'ಕುಸುಮಬಾಲೆ'ಯನ್ನು ಬರೆದಾಗ, ಅಲ್ಲಿಂದ ಕೆಲವೇ ಹರಿದಾರಿ ದೂರದ ಮೈಸೂರಿನ ಓದುಗರಾದ ನಾವು ಅರ್ಥವಾಗುವುದಿಲ್ಲವೆಂದು ಗೊಣಗಿದ್ದೆವು. ನಮ್ಮ ಜಿಲ್ಲೆಯ ಮಾತೇ ನಮ್ಮ ಕಿವಿಗೆ ಹೊಸದಾಗಿದ್ದಾಗ ತುಂಗಭದ್ರೆಯಾಚೆಯ ಮಾತನ್ನು ಹದಿನೈದು ದಿನದಲ್ಲಿ ನಾಲಗೆಗೆ ಹತ್ತಿಸಹೊರಟಿದ್ದೆವು.

ಮರುದಿನ ಲಕ್ಷ್ಮೇಶ್ವರಕ್ಕೆ ಹೋದೆವು. ಸೋಮೇಶ್ವರ ದೇವಾಲಯದ ಪ್ರಾಕಾರದಲ್ಲಿ ಸುತ್ತಾಡಿ, ಶಾಸನಗಳ ಮುಂದೆ ನಿಂತು, ಪಂಪನು ನೆನೆದ ಪುಲಿಗೆರೆ ಇದೇ ಅಲ್ಲವೇ ಎಂದುಕೊಂಡೆವು. ಹೊರಗೆ ಬಂದಾಗ ಮುದುಕರೊಬ್ಬರು ಗೋಣಿಯ ಮೇಲೆ ಹುರಿದ ಕಾಯಿಗಳನ್ನು ಹರವಿಕೊಂಡು ಕುಳಿತಿದ್ದರು. ನಮ್ಮ ಹುಡುಗ ಅವರೆದುರು ಕುಕ್ಕರುಗಾಲಲ್ಲಿ ಕುಳಿತು, ತನ್ನ ಮಾತಿನಲ್ಲಿಯೇ, "ನಿಮ್ಮ ಕಡೆ ಇದಕ್ಕೆ ಏನಂತಾರೆ, ಅಜ್ಜ?" ಎಂದು ಕೇಳಿದ. ಉತ್ತರ ಅವನಿಗೆ ಗೊತ್ತಿತ್ತು. ಪಟ್ಟಿಯ ಎರಡನೆಯ ಸಾಲಿನಲ್ಲಿಯೇ ಇತ್ತು. ಆದರೂ ಕೇಳಿದ.

"ಶೇಂಗಾ. ನಿಮ್ಮ ಕಡೆ?"

"ಕಡಲೆಕಾಯಿ."

ಅಜ್ಜನಿಗೆ ನಗು ತಡೆಯಲಾಗಲಿಲ್ಲ. "ಕಡಲಿ ಬ್ಯಾರೆ, ಇದು ಬ್ಯಾರೆ. ಎರಡಕ್ಕೂ ಒಂದ ಹೆಸರಿಟ್ರ ಹೆಂಗ್ರಿ?" ಎಂದರು. ಪಕ್ಕದಲ್ಲಿದ್ದವರೂ ನಕ್ಕರು. ಆ ದಿನ ವಿಚಿತ್ರವಾಗಿ ಕೇಳಿಸಿದ್ದು ನಮ್ಮ ಮಾತು. ನಾವೂ ನಕ್ಕೆವು, ಅಜ್ಜನ ಆಕ್ಷೇಪಣೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಗೆ ನೋಡಿದರೆ ಪಂಪನಿಗೆ ಈ ಎರಡು ಹೆಸರುಗಳ ಅಗತ್ಯವೂ ಇರಲಿಲ್ಲ; ದಕ್ಷಿಣ ಅಮೆರಿಕದ ಈ ಬೆಳೆ ಆಗಿನ್ನೂ ನಮ್ಮ ನೆಲವನ್ನು ಕಂಡಿರಲಿಲ್ಲ. ಪುಲಿಗೆರೆಯ ಹೊಲಕ್ಕೆ ಅದೂ ಹೊರಗಿನಿಂದ ಬಂದು, ಊರಿನದಾಗಿ, ಊರಿಗೊಂದು ಹೆಸರು ಪಡೆಯಿತು.

ಅರ್ಧ ಗಂಟೆ ಆ ಅಜ್ಜ ನಮ್ಮೊಡನೆ ಮಾತಾಡಿದರು. ಮಳೆಯ ಹೆಸರುಗಳು, ಮಣ್ಣಿನ ಬಣ್ಣಗಳು, ರೊಟ್ಟಿಯ ಬಗೆಗಳು ಬಂದುಹೋದವು. ಕೇಳಿದ್ದರಲ್ಲಿ ಅರ್ಧ ತಿಳಿಯಿತು. ತಿಳಿಯದ್ದನ್ನು ಮತ್ತೆ ಕೇಳಿದೆವು. ಅವರು ಬೇಸರಿಸದೆ ಹೇಳಿದರು. ಹದಿನೈದು ದಿನದ ನನ್ನ ತರಗತಿಯಲ್ಲಿ ಆಗದ ಪಾಠ ಆ ಅರ್ಧ ಗಂಟೆಯಲ್ಲಿ ಆಯಿತು.

ಹೋಗುವ ಊರಿನ ಮಾತನ್ನು ಮೊದಲೇ ಕಲಿಯಬಾರದು ಎಂದು ನಾನು ಹೇಳುತ್ತಿಲ್ಲ. ಖಂಡಿತ ಕಲಿಯಬೇಕು. ದವಾಖಾನೆಯೆಂದರೇನೆಂದು ತಿಳಿದಿದ್ದರೆ ಕಷ್ಟದ ಹೊತ್ತಿನಲ್ಲಿ ದಾರಿ ಸಿಗುತ್ತದೆ. 'ರೀ' ಎಂಬುದನ್ನು ಕಲಿತರೆ ಎದುರಿನವರ ಮುಖ ಅರಳುತ್ತದೆ. ಆದರೆ ಕಲಿಯುವುದು ಕಿವಿಗಾಗಿ ಇರಲಿ. ನಾಲಗೆಗೆ ಅದು ಬರಬೇಕಾದರೆ ಆ ಊರಿನ ಅನ್ನದ ಋಣ ಇನ್ನಷ್ಟು ಬೇಕು. ಅದರಲ್ಲಿಯೂ ಸಲಿಗೆಯ ಮಾತನ್ನು ಕಲಿಯುವ ಹಕ್ಕು ಪಟ್ಟಿಯಿಂದ ಬರುವುದಿಲ್ಲ. ಅದನ್ನು ಆ ಊರಿನವರೇ ಕೊಡಬೇಕು.

ಬರುವ ಚಳಿಗಾಲದಲ್ಲಿ ನಮ್ಮ ಬಳಗ ಕುಂದಾಪುರದ ಕಡೆ ಹೊರಡುವುದೆಂದು ಮಾತಾಗಿದೆ. ಪಟ್ಟಿ ಬರೆಯುವ ಕೆಲಸವನ್ನು ಈ ಬಾರಿ ಆ ಹುಡುಗನೇ ವಹಿಸಿಕೊಂಡಿದ್ದಾನೆ. ಮೊನ್ನೆ ತಂದು ತೋರಿಸಿದ. ಎಡಗಡೆ ನಮ್ಮ ಮಾತುಗಳಿವೆ. ಅವುಗಳಿಗೆ 'ಮೈಸೂರಿನ ಮಾತು' ಎಂದು ಹೆಸರಿಟ್ಟಿದ್ದಾನೆ. ಬಲಗಡೆ ಗೆರೆ ಎಳೆದು ಖಾಲಿ ಬಿಟ್ಟಿದ್ದಾನೆ. ಅಲ್ಲಿಗೆ ಹೋಗಿ, ಕೇಳಿ ಬರೆದುಕೊಳ್ಳಬೇಕಂತೆ.